ಅಂಗೈಯಗಲದ ಗಿಡಕ್ಕೆ 25 ವರ್ಷ

ಈ ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಎಂಟೊಂಬತ್ತು ಕೈಗಳು ಕಾಣುತ್ತಿವೆ. ನಿಮ್ಮ ಮಗನೋ ಮಗಳೋ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ಸುತ್ತಮುತ್ತ ಇದ್ದರೆ, ಒಂದು ಶನಿವಾರ ಬೆಳಿಗ್ಗೆ ನಿಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವುದು ಖಚಿತ. ಡಬ್ಬಿಯಲ್ಲಿ ಪುಳಿಯೋಗರೆ, ಮೊಸರನ್ನ, ಚೀಲದಲ್ಲಿ ಎರಡು ಸ್ವೆಟರ್. ನಮ್ಮನ್ನೂ ಮಗಳು, ಅಳಿಯ ಹಾಗೆಯೇ ಕರೆದೊಯ್ದರು.

ಅಲ್ಲಿ ಟ್ರೇಲ್ ರಿಡ್ಜ್ ಎಂಬ ರಸ್ತೆ ಇದೆ. ಬೆಟ್ಟದ ನೆತ್ತಿಯ ಮೇಲೆಯೇ ಸಾಗುವ ರಸ್ತೆ. ಮೇಲೆ ಒಂದು ಕಡೆ ಕಾರು ನಿಲ್ಲಿಸಿದೆವು. ನಿಂತ ಜಾಗದಿಂದ ಎದುರಿನ ಕಣಿವೆ ಪೂರ್ತಿ ಕಾಣುತ್ತಿರಲಿಲ್ಲ. ಫೋಟೊ ತೆಗೆಯಲೆಂದು ನಾನು ಡಾಂಬರು ಬಿಟ್ಟು ಏಳೆಂಟು ಹೆಜ್ಜೆ ಹುಲ್ಲಿನ ಮೇಲೆ ನಡೆದೆ. ಹಿಂದಿನಿಂದ ಯಾರೋ ಕರೆದರು. ಉದ್ಯಾನದ ಸ್ವಯಂಸೇವಕಿ, ನನಗಿಂತ ಹಿರಿಯರು. ಗದರಿಸಲಿಲ್ಲ. "ಅಲ್ಲೇ ನಿಲ್ಲಿ. ಬಲಗಡೆಯ ಕಲ್ಲಿನ ಮೇಲೆ ಕಾಲಿಡಿ. ಅಲ್ಲಿಂದ ಈ ಕಲ್ಲಿಗೆ. ಈಗ ದಾರಿಗೆ ಬನ್ನಿ" ಎಂದು ಚಿಕ್ಕ ಮಗುವನ್ನು ಹೊಳೆ ದಾಟಿಸುವ ಹಾಗೆ ವಾಪಸು ಕರೆತಂದರು. ಆಮೇಲೆ ನನ್ನ ಬೂಟು ಊರಿದ್ದ ಜಾಗದ ಪಕ್ಕಕ್ಕೆ ಬೆರಳು ತೋರಿಸಿದರು. ಬೆರಳು ಬಿಡಿಸಿ ಚಾಚಿದ ಅಂಗೈಯಷ್ಟು ಅಗಲದ, ನೆಲಕ್ಕೆ ಅಂಟಿಕೊಂಡ ಹಸಿರು ಮೆತ್ತೆ. ಮೇಲೆಲ್ಲ ಕಡಲೆಕಾಳಿನಷ್ಟು ಅಗಲದ ಗುಲಾಬಿ ಬಣ್ಣದ ಹೂಗಳು. "ಇದಕ್ಕೆ 25 ವರ್ಷ ಆಗಿರಬಹುದು" ಎಂದರು.

ನಾನು 30 ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದವನು. ಟಂಡ್ರಾ ಎಂದರೇನು ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಬರೆಸಿದವನು: ಮರಗಳಿಲ್ಲದ ಶೀತ ಪ್ರದೇಶ, ಹಾವಸೆ, ಕಲ್ಲುಹೂವು, ಕುಳ್ಳ ಪೊದೆಗಳು, ಹಿಮಸಾರಂಗ. ಐದು ಅಂಕದ ಪ್ರಶ್ನೆ. ಅದೇ ಟಂಡ್ರಾ ಕಾಲಡಿಗೆ ಬಂದಾಗ ಹುಲ್ಲೆಂದು ತಿಳಿದು ತುಳಿದೆ. ಆ ಸಂಕಟ ನನ್ನನ್ನು ಬಿಡಲಿಲ್ಲ. ಮುಂದಿನ ಎರಡು ಬೇಸಿಗೆಗಳಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋದೆ, ಓದಿದೆ, ಅಲ್ಲಿಯವರನ್ನು ಕೇಳಿದೆ. ನೀವು ಅಲ್ಲಿಗೆ ಹೋಗುವ ಮೊದಲೇ ಇದನ್ನು ಹೇಳಬೇಕು ಎಂದು ಇಂದು ಬಂದಿದ್ದೇನೆ.

ಟಂಡ್ರಾ ಎಂಬ ಪದ ಯುರೋಪಿನ ಉತ್ತರ ತುದಿಯ ಸಾಮಿ ಜನರ ನುಡಿಯಿಂದ ರಷ್ಯನ್ ಭಾಷೆಗೆ, ಅಲ್ಲಿಂದ ಜಗತ್ತಿಗೆ ಬಂದದ್ದು. ಮರವಿಲ್ಲದ ಎತ್ತರದ ಬಯಲು ಎಂಬ ಅರ್ಥ. ವರ್ಷದ ಅತ್ಯಂತ ಬೆಚ್ಚಗಿನ ತಿಂಗಳಿನಲ್ಲಿಯೂ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಮುಟ್ಟದ ಕಡೆ ಸಾಮಾನ್ಯವಾಗಿ ಮರ ಬೆಳೆಯುವುದಿಲ್ಲ. ಆ ಗೆರೆಯನ್ನು ಎರಡು ದಾರಿಯಲ್ಲಿ ದಾಟಬಹುದು. ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಅಲಾಸ್ಕಾ, ಸೈಬೀರಿಯಾ ತಲುಪಿದರೆ ಸಿಗುವುದು ಧ್ರುವದ ಟಂಡ್ರಾ. ಇದ್ದ ಕಡೆಯೇ ಬೆಟ್ಟ ಹತ್ತುತ್ತಾ ಹೋದರೆ ಸಿಗುವುದು ಪರ್ವತದ ಟಂಡ್ರಾ. ಧ್ರುವದ ಕಡೆ ನೆಲದಾಳ ವರ್ಷವಿಡೀ ಹೆಪ್ಪುಗಟ್ಟಿರುವುದರಿಂದ ಬೇಸಿಗೆಯಲ್ಲಿ ಕರಗಿದ ನೀರು ಇಂಗದೆ ಜೌಗಾಗಿ ನಿಲ್ಲುತ್ತದೆ. ಪರ್ವತದ ಮೇಲೆ ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ, ಉಳಿದದ್ದನ್ನು ಗಾಳಿ ಹೀರುತ್ತದೆ. ಹಾಗಾಗಿ ಅಲ್ಲಿನ ಗಿಡಕ್ಕೆ ಚಳಿಯ ಜೊತೆಗೆ ಬರಗಾಲವೂ ಇದೆ. ಆದರೆ ಎರಡೂ ಕಡೆ ಬೆಳೆಯುವ ಗಿಡಗಳಲ್ಲಿ ಎಷ್ಟೋ ಒಂದೇ ಜಾತಿಯವು. ಹಿಮಯುಗದಲ್ಲಿ ದಕ್ಷಿಣಕ್ಕೆ ಹಬ್ಬಿದ ಈ ಗಿಡಗಳು, ಭೂಮಿ ಬೆಚ್ಚಗಾದಾಗ ಕೆಳಗಿನ ಬಯಲಿನಲ್ಲಿ ಬದುಕಲಾರದೆ ಬೆಟ್ಟದ ನೆತ್ತಿಗಳನ್ನು ಹಿಡಿದು ಉಳಿದುಕೊಂಡವು.

ಎತ್ತರ ಎಷ್ಟು ಎಂದು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಉದ್ಯಾನದ ಬಾಗಿಲಲ್ಲಿರುವ ಎಸ್ಟೆಸ್ ಪಾರ್ಕ್ ಎಂಬ ಊರು ಸುಮಾರು 2,290 ಮೀಟರಿನಲ್ಲಿದೆ. ಅಂದರೆ ಅಲ್ಲಿ ಹೋಟೆಲಿನಲ್ಲಿ ಮಲಗಿದಾಗಲೇ ನೀವು ಮುಳ್ಳಯ್ಯನಗಿರಿಯನ್ನು ಕೆಳಗೆ ಬಿಟ್ಟಿರುತ್ತೀರಿ. ಟ್ರೇಲ್ ರಿಡ್ಜ್ ರಸ್ತೆಯ ತುತ್ತತುದಿ 3,713 ಮೀಟರ್. ಎಸ್ಟೆಸ್ ಪಾರ್ಕಿನಿಂದ ಉದ್ಯಾನದ ಆಚೆ ಬದಿಯ ಗ್ರ್ಯಾಂಡ್ ಲೇಕ್ ಎಂಬ ಊರಿನ ತನಕದ 77 ಕಿಲೋಮೀಟರಿನಲ್ಲಿ ರಸ್ತೆ ಸುಮಾರು 18 ಕಿಲೋಮೀಟರ್ ಮರಗಳ ಎಲ್ಲೆಯ ಮೇಲೆಯೇ ಸಾಗುತ್ತದೆ. ಜಗತ್ತಿನಲ್ಲಿ ಟಂಡ್ರಾ ನೋಡಬೇಕೆಂದರೆ ಸಾಮಾನ್ಯವಾಗಿ ದಿನಗಟ್ಟಲೆ ನಡೆಯಬೇಕು, ಇಲ್ಲವೇ ಸಣ್ಣ ವಿಮಾನ ಹಿಡಿಯಬೇಕು. ಇಲ್ಲಿ ಮಂಡಿನೋವಿನ ಅಜ್ಜಿಯೂ ಕಾರಿನ ಬಾಗಿಲು ತೆರೆದು ಟಂಡ್ರಾದೊಳಗೆ ಕಾಲಿಡಬಹುದು. ಅದು ಆ ಜಾಗದ ಭಾಗ್ಯ. ಉದ್ಯಾನಕ್ಕೆ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ ಎಂದಾಗ ಅದೇ ಅದರ ಕಷ್ಟವೂ ಹೌದು.

ಹತ್ತುವಾಗ ಮೊಬೈಲ್ ಕೆಳಗಿಟ್ಟು ಕಿಟಕಿಯಿಂದ ನೋಡಿ. ಮೊದಲು ಪಾಂಡೆರೋಸಾ ಪೈನ್ ಮರಗಳ ಬಿಡಿಬಿಡಿ ಕಾಡು. ಆಮೇಲೆ ಒತ್ತಾದ, ಕಡುಹಸಿರಿನ ಸ್ಪ್ರೂಸ್ ಮತ್ತು ಫರ್ ಮರಗಳು. ಸುಮಾರು 3,400 ಮೀಟರ್ ಹತ್ತಿರ ಬಂದಂತೆ ಅದೇ ಜಾತಿಯ ಮರಗಳು ಕುಗ್ಗತೊಡಗುತ್ತವೆ. ಒಂದೇ ಬದಿಗೆ ಕೊಂಬೆ ಇರುವ ಮರಗಳು ಕಾಣುತ್ತವೆ, ಕಂಬಕ್ಕೆ ಕಟ್ಟಿದ ಬಾವುಟದ ಹಾಗೆ. ಗಾಳಿ ಬೀಸುವ ಬದಿಯ ಮೊಗ್ಗುಗಳೆಲ್ಲ ಹಿಮದ ಕಣಗಳ ಹೊಡೆತಕ್ಕೆ ಸತ್ತಿರುತ್ತವೆ. ಇನ್ನೂ ಮೇಲೆ ಮರ ನಿಲ್ಲುವುದನ್ನೇ ಬಿಟ್ಟು ಬಂಡೆಯ ಮರೆಯಲ್ಲಿ ತೆವಳುತ್ತದೆ. ಸೊಂಟದೆತ್ತರದ ಆ ಮುದುಡಿದ ಪೊದೆ ನೂರಾರು ವರ್ಷದ ಮರವಾಗಿರಬಹುದು. ಅದನ್ನೂ ದಾಟಿದರೆ ಮುಂದೆ ಒಂದು ಮರವೂ ಇಲ್ಲ. ಬೆಟ್ಟ ಬೋಳಾಗಿ, ಕಂದು ಹಸಿರಾಗಿ ಕಾಣುತ್ತದೆ. ನಮ್ಮವರು ಹೆಚ್ಚಿನವರು ಇಲ್ಲಿ "ಏನೂ ಇಲ್ಲವಲ್ಲ" ಎಂದು ದೂರದ ಹಿಮಶಿಖರಗಳ ಕಡೆ ಕ್ಯಾಮೆರಾ ತಿರುಗಿಸುತ್ತಾರೆ. ನಾನೂ ತಿರುಗಿಸಿದ್ದೆ.

ಇರುವುದೆಲ್ಲ ಕಾಲ ಬಳಿ ಇದೆ. ಅಲ್ಲಿ ಚಳಿಗಾಲದಲ್ಲಿ ಗಂಟೆಗೆ 160 ಕಿಲೋಮೀಟರ್ ಮೀರಿದ ಗಾಳಿ ಬೀಸುತ್ತದೆ. ಆದರೆ ಗಾಳಿಯ ವೇಗ ನೆಲದ ಹತ್ತಿರ ಬಂದಂತೆ ತಗ್ಗುತ್ತದೆ. ನೆಲಕ್ಕಂಟಿದ ಒಂದೆರಡು ಅಂಗುಲದಲ್ಲಿ ಹೆಚ್ಚೂಕಡಿಮೆ ನಿಶ್ಚಲ. ಬಿಸಿಲಿನಲ್ಲಿ ಅಷ್ಟೇ ಜಾಗದಲ್ಲಿ ಶಾಖವೂ ನಿಲ್ಲುತ್ತದೆ. ಆ ಒಂದೆರಡು ಅಂಗುಲವೇ ಅಲ್ಲಿನ ಬದುಕಿನ ಮನೆ. ಸ್ವಯಂಸೇವಕಿ ತೋರಿಸಿದ ಮೆತ್ತೆ ಗಿಡದ ಹೆಸರು ಮಾಸ್ ಕ್ಯಾಂಪಿಯನ್, ಶಾಸ್ತ್ರೀಯ ಹೆಸರು ಸೈಲೀನ್ ಅಕಾಲಿಸ್. ಅದೇ ಗಿಡ ಧ್ರುವದ ಟಂಡ್ರಾದಲ್ಲಿಯೂ ಇದೆ. ನೂರಾರು ಪುಟ್ಟ ಕುಡಿಗಳು ಒತ್ತೊತ್ತಾಗಿ ಸೇರಿ ಗುಮ್ಮಟದಂಥ ಮೆತ್ತೆಯಾಗುತ್ತವೆ. ಗಾಳಿ ಅದರ ಮೇಲಿಂದ ಜಾರಿಹೋಗುತ್ತದೆ. ಒಳಗೆ ಅದರದೇ ಒಣಗಿದ ಎಲೆಗಳು ಕೂಡಿಟ್ಟ ಮಣ್ಣು, ತೇವ, ಬೆಚ್ಚಗೆ. ಅದು ಮೊದಲು ಮಾಡುವ ಕೆಲಸ ಒಂದು ಉದ್ದನೆಯ ತಾಯಿಬೇರನ್ನು ಕಲ್ಲಿನ ಸಂದಿಗೆ ಇಳಿಸುವುದು. ಮೇಲೆ ಕಾಣುವ ಬೆಳವಣಿಗೆ ಆಮೇಲಿನದು. ಮೊದಲ ಹೂ ಬಿಡಲು ಹತ್ತು ವರ್ಷವೇ ಹಿಡಿಯಬಹುದು. 18 ಸೆಂಟಿಮೀಟರ್ ಅಗಲವಾಗಲು 20ರಿಂದ 25 ವರ್ಷ.

ಇನ್ನೊಂದು ಗಿಡವಿದೆ, ಬಿಸ್ಟಾರ್ಟ್ ಎಂದು ಹೆಸರು. ನೋಡಲು ತೀರಾ ಸಾಧಾರಣ, ಗೇಣುದ್ದದ ಬಿಳಿ ತೆನೆ. ಉದ್ಯಾನದ ದಕ್ಷಿಣಕ್ಕೆ ನೈವಾಟ್ ರಿಡ್ಜ್ ಎಂಬ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಇದರ ಮೊಗ್ಗುಗಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ವರ್ಷ ಅರಳಿದ ತೆನೆ ನಾಲ್ಕು ವರ್ಷ ಹಿಂದೆಯೇ ನೆಲದೊಳಗಿನ ಮೊಗ್ಗಿನಲ್ಲಿ ಕಣ್ಣಿಗೆ ಕಾಣದ ಚುಕ್ಕೆಯಾಗಿ ಶುರುವಾಗಿತ್ತು! ಅಲ್ಲಿ ಬೆಳೆಯುವ ಕಾಲ ವರ್ಷಕ್ಕೆ ಆರು ವಾರ, ಹೆಚ್ಚೆಂದರೆ ಎರಡೂವರೆ ತಿಂಗಳು. ಒಂದೇ ಬೇಸಿಗೆಯಲ್ಲಿ ಹೂವನ್ನು ಮೊದಲಿನಿಂದ ಕೊನೆತನಕ ಕಟ್ಟಲು ಸಮಯ ಸಾಲದು. ಹಾಗಾಗಿ ಈ ವರ್ಷ ಒಂದಿಷ್ಟು, ಮುಂದಿನ ವರ್ಷ ಒಂದಿಷ್ಟು, ನಡುವೆ ಒಂಬತ್ತು ತಿಂಗಳ ಹಿಮ. ಒಂದು ಗಿಡದಲ್ಲಿ ಏಕಕಾಲಕ್ಕೆ ಈ ವರ್ಷದ ಎಲೆ ಹೂಗಳ ಜೊತೆಗೆ ಮುಂದಿನ ವರ್ಷಗಳವೂ ಬೇರೆ ಬೇರೆ ಹಂತದಲ್ಲಿ ಕಾಯುತ್ತಿರುತ್ತವೆ. ನೀವು ಒಂದು ತೆನೆ ಕಿತ್ತರೆ ನಾಲ್ಕು ವರ್ಷದ ದುಡಿಮೆ ಕೈಯಲ್ಲಿ ಬಂತು. ಬೇರುಸಹಿತ ಎದ್ದರೆ ಮುಂದಿನ ವರ್ಷಗಳೂ ಬಂದವು.

ಅಲ್ಲಿ ಎಲ್ಲರ ಕಣ್ಣಿಗೂ ಬೀಳುವ ದೊಡ್ಡ ಹಳದಿ ಹೂವೊಂದಿದೆ. ಸೂರ್ಯಕಾಂತಿಯ ಬಳಗದ್ದು, ಮೈತುಂಬ ಬಿಳಿ ನವಿರು ಕೂದಲು. ಅದಕ್ಕೇ ಇಂಗ್ಲಿಷಿನಲ್ಲಿ ಅದನ್ನು ಬೆಟ್ಟದ ಮುದುಕ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದು ಹತ್ತು ಹನ್ನೆರಡು ವರ್ಷ ಎಲೆಗಳನ್ನಷ್ಟೇ ಬಿಟ್ಟುಕೊಂಡು ಬೇರಿನಲ್ಲಿ ಆಹಾರ ಕೂಡಿಡುತ್ತದೆ. ಒಂದು ಬೇಸಿಗೆಯಲ್ಲಿ ಎಲ್ಲವನ್ನೂ ಸುರಿದು ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಸಾಯುತ್ತದೆ. ನಮ್ಮ ಬಿದಿರು, ಕುರಿಂಜಿ ಮಾಡುವಂತೆಯೇ. ತಲೆಗೆ ಮುಡಿಯಲೆಂದು ಅದನ್ನು ಚಿವುಟಿದರೆ ಆ ಗಿಡಕ್ಕೆ ಇನ್ನೊಂದು ಸರದಿ ಇಲ್ಲ.

ಈಗ ನನ್ನ ತಪ್ಪಿಗೆ ಮರಳುತ್ತೇನೆ. ಸಸ್ಯಶಾಸ್ತ್ರ ಓದಿದವನೂ ಯಾಕೆ ತುಳಿದ? ಯೋಚಿಸಿದಾಗ ನನಗೆ ಹೊಳೆದದ್ದು ಗರಿಕೆ. ನಾವು ಬೆಳೆದದ್ದು ಗರಿಕೆಯ ನಾಡಿನಲ್ಲಿ. ದನ ಮೇಯ್ದರೂ, ಮಕ್ಕಳು ಕ್ರಿಕೆಟ್ ಆಡಿದರೂ, ಜಾತ್ರೆಗೆ ಸಾವಿರ ಜನ ನಡೆದರೂ, ಒಂದು ಮಳೆ ಬಿದ್ದರೆ ಸಾಕು, ಗರಿಕೆ ಮತ್ತೆ ಚಿಗುರುತ್ತದೆ. ಹುಲ್ಲಿಗೆ ತುಳಿತ ತಾಗುವುದಿಲ್ಲ ಎಂಬುದು ನಮ್ಮ ಅಂಗಾಲಿಗೇ ಗೊತ್ತಿರುವ ಪಾಠ. ಗಣಪತಿಗೆ ಅದನ್ನು ಏರಿಸುವ ಮನಸ್ಸಿನಲ್ಲಿ ಆ ಸಾಯದ ಗುಣದ ಬಗ್ಗೆ ಮೆಚ್ಚುಗೆಯೂ ಇದೆ. ಆ ಪಾಠವನ್ನೇ ಹೊತ್ತು ನಾವು 3,700 ಮೀಟರ್ ಹತ್ತುತ್ತೇವೆ. ಅಲ್ಲಿ ಅದು ಸುಳ್ಳು.

ಎಷ್ಟು ಸುಳ್ಳು ಎಂದು ಅಳೆದು ತೋರಿಸಿದವರು ಬಿಯಾಟ್ರಿಸ್ ವಿಲ್ಲರ್ಡ್ ಎಂಬ ಮಹಿಳೆ. 1950ರ ದಶಕದ ಕೊನೆಯಲ್ಲಿ ಅವರು ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ. ಯುದ್ಧ ಮುಗಿದು ಅಮೆರಿಕದಲ್ಲಿ ಮನೆಮನೆಗೆ ಕಾರು ಬಂದ ಕಾಲ. ಟ್ರೇಲ್ ರಿಡ್ಜ್ ಮೇಲೆ ಹೊಸ ಕಾರು ನಿಲ್ದಾಣ ಮಾಡಿದ ಕಡೆಯೆಲ್ಲ ಒಂದೇ ಬೇಸಿಗೆಯಲ್ಲಿ ಸುತ್ತಲಿನ ಟಂಡ್ರಾ ಸವೆದು ಮಣ್ಣು ಬಯಲಾಗುತ್ತಿತ್ತು. ವಿಲ್ಲರ್ಡ್ ಮಾಡಿದ್ದು ಸರಳ ಕೆಲಸ. 1959ರಲ್ಲಿ ರಾಕ್ ಕಟ್ ಮತ್ತು ಫಾರೆಸ್ಟ್ ಕ್ಯಾನ್ಯನ್ ಎಂಬ ಎರಡು ನಿಲುಗಡೆಗಳ ಬಳಿ, ಆಗಲೇ ತುಳಿತಕ್ಕೆ ಸಿಕ್ಕ ನೆಲದ ಸಣ್ಣ ತುಣುಕುಗಳಿಗೆ ಬೇಲಿ ಹಾಕಿದರು. ಇನ್ನು ಯಾರೂ ತುಳಿಯುವಂತಿಲ್ಲ. ಒಳಗೆ ಏನು ಮರಳಿ ಬರುತ್ತದೆ, ಯಾವಾಗ ಬರುತ್ತದೆ ಎಂದು ಗಿಡಗಿಡ ಎಣಿಸುತ್ತಾ ಕೂತರು. ಒಂದೆರಡು ವರ್ಷವಲ್ಲ, ಸುಮಾರು ನಾಲ್ಕು ದಶಕ. ಸ್ವಲ್ಪ ತುಳಿದ ಕಡೆ ಕೆಲವು ಗಿಡ ನಿಧಾನವಾಗಿ ಮರಳಿದವು. ಮಣ್ಣು ಕೊಚ್ಚಿಹೋದ ಕಡೆ, ಟಂಡ್ರಾ ಪೂರ್ತಿ ಮೊದಲಿನಂತಾಗಲು 500 ವರ್ಷ, ಬಹುಶಃ ಸಾವಿರ ವರ್ಷವೇ ಬೇಕು ಎಂಬ ಅಂದಾಜಿಗೆ ಅವರು ಬಂದರು. ವಿಲ್ಲರ್ಡ್ 2003ರಲ್ಲಿ ತೀರಿಕೊಂಡರು. ಅವರ ಆ ಬೇಲಿಯ ತುಣುಕುಗಳನ್ನು 2007ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಕೋಟೆ, ಅರಮನೆ, ಯುದ್ಧಭೂಮಿಗಳ ಸಾಲಿನಲ್ಲಿ ಬೇಲಿ ಹಾಕಿದ ಪುಟ್ಟ ಹುಲ್ಲುನೆಲ. ನನ್ನ ಕಣ್ಣಿಗೆ ಅಲ್ಲಿಯ ಯಾವ ಶಿಖರಕ್ಕಿಂತಲೂ ಅದು ದೊಡ್ಡದು. ಸಾವಿರ ವರ್ಷ ಹಿಂದೆ ಹೋದರೆ ನಮ್ಮಲ್ಲಿ ಹೊಯ್ಸಳರು ಆಗಷ್ಟೇ ತಲೆಯೆತ್ತುತ್ತಿದ್ದ ಕಾಲ. ಅಂದು ಸವೆದ ಕಾಲುದಾರಿ ಇಂದು ಮಾಯುತ್ತಿದೆ ಎಂದು ಕಲ್ಪಿಸಿಕೊಳ್ಳಿ.

ತುಳಿತ ಇಷ್ಟು ಹಾಳು ಮಾಡುವುದು ಹೇಗೆ? ಮೆತ್ತೆಯ ಮೇಲೆ ಹಿಮ್ಮಡಿ ಬಿದ್ದರೆ ಒಂದು ಮೂಲೆ ಒಡೆಯುತ್ತದೆ. ಅಷ್ಟು ಸಂದು ಸಾಕು ಗಾಳಿಗೆ. ಒಳಗಿನ ತೇವ ಆರುತ್ತದೆ, ಮಣ್ಣಿನ ಹುಡಿ ಹಾರುತ್ತದೆ, ಬೇರು ಬಯಲಾಗುತ್ತದೆ, ಪಕ್ಕದ ಗಿಡದ ಬುಡ ಸಡಿಲವಾಗುತ್ತದೆ. ತುಳಿದವರು ಹೋದ ಮೇಲೂ ಗಾಯ ಹಿಗ್ಗುತ್ತಲೇ ಇರುತ್ತದೆ. ಹಾರಿದ ಮಣ್ಣು ಕಲ್ಲು ಸವೆದು, ಕಲ್ಲುಹೂವು ಕೊರೆದು, ಎಲೆ ಕೊಳೆತು ಎಷ್ಟೋ ತಲೆಮಾರಿನಲ್ಲಿ ಆದ ಮಣ್ಣು. ಕಲ್ಲುಹೂವು ಎಂದರೆ ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ. ಅಲ್ಲಿಯ ಬಂಡೆಗಳ ಮೇಲೆ ಕಿತ್ತಳೆ, ಕಪ್ಪು, ತಿಳಿಹಸಿರು ಬಣ್ಣದ ಮಚ್ಚೆಗಳಾಗಿ ಕಾಣುತ್ತದೆ. ಬೆರಳಿನಿಂದ ಕೆರೆಯಬೇಡಿ.

ಹಾಗಾದರೆ ನಡೆಯುವುದು ಹೇಗೆ? ರಾಕ್ ಕಟ್, ಫಾರೆಸ್ಟ್ ಕ್ಯಾನ್ಯನ್, ಗೋರ್ ರೇಂಜ್ ನಿಲುಗಡೆ, ಆಲ್ಪೈನ್ ಸಂದರ್ಶಕರ ಕೇಂದ್ರ, ಈ ನಾಲ್ಕು ಕಡೆ ಟಂಡ್ರಾ ರಕ್ಷಣಾ ಪ್ರದೇಶ ಎಂದು ಗುರುತು ಮಾಡಿದ್ದಾರೆ. ಅಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡುವಂತಿಲ್ಲ, ಅದು ಕಾನೂನು. ಉಳಿದ ಕಡೆ ದಾರಿ ಇಲ್ಲದಿದ್ದರೆ ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು. ಕಲ್ಲೂ ಇಲ್ಲದಿದ್ದರೆ? ಇಲ್ಲಿ ನಮ್ಮ ಅಭ್ಯಾಸಕ್ಕೆ ತದ್ವಿರುದ್ಧವಾದ ಮಾತು ಬರುತ್ತದೆ. ನಾವು ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುತ್ತೇವೆ, ಅದೇ ಶಿಸ್ತು ಎಂದು ತಿಳಿದಿದ್ದೇವೆ. ದಾರಿ ಇದ್ದಾಗ ಅದು ಸರಿ. ದಾರಿ ಇಲ್ಲದ ಟಂಡ್ರಾದ ಮೇಲೆ ಚದುರಿ ನಡೆಯಬೇಕು, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಡಬಾರದು. ಒಂದು ಗಿಡ ಒಂದು ತುಳಿತವನ್ನು ತಾಳಿಕೊಂಡೀತು, ಹತ್ತನ್ನು ತಾಳಲಾರದು. ಮಕ್ಕಳಿದ್ದರೆ ಮೊದಲೇ ಇದನ್ನು ಆಟವಾಗಿ ಹೇಳಿಕೊಡಿ. ನನ್ನ ಮೊಮ್ಮಗಳು ನಮ್ಮೆಲ್ಲರಿಗಿಂತ ಬೇಗ ಕಲಿತಳು. "ಅಜ್ಜಾ, ಕಲ್ಲು, ಕಲ್ಲು" ಎಂದು ನನಗೇ ದಾರಿ ತೋರಿಸುತ್ತಿದ್ದಳು.

ಇನ್ನೊಂದು ಮಾತು ನಮ್ಮವರಿಗಾಗಿಯೇ. ಎಷ್ಟೋ ಬೆಟ್ಟದ ದೇವಸ್ಥಾನಗಳಲ್ಲಿ ಸ್ವಂತ ಮನೆ ಆಗಲಿ ಎಂದು ಕಲ್ಲಿನ ಮೇಲೆ ಕಲ್ಲು ಪೇರಿಸಿ ಹರಕೆ ಹೊರುತ್ತೇವಲ್ಲ, ಆ ಕೈ ಅಲ್ಲಿಯೂ ತಾನಾಗಿ ಕಲ್ಲಿನ ಕಡೆ ಹೋಗುತ್ತದೆ. ಅಲ್ಲಿ ಪ್ರತಿ ಕಲ್ಲಿನ ಮರೆಯಲ್ಲಿ ಏನೋ ಒಂದು ಬದುಕುತ್ತಿದೆ. ಕಲ್ಲು ಎತ್ತಿದರೆ ಅದರ ಮನೆಯ ಗೋಡೆ ಎತ್ತಿದ ಹಾಗೆ. ಜೊತೆಗೆ, ರಾಕಿ ಪರ್ವತದ ಈ ಸಾಲಿನ ನೆತ್ತಿಗಳ ಮೇಲೆ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆ ಬೇಟೆಗಾಗಿ ಕಟ್ಟಿದ ಮೋಟು ಕಲ್ಲುಗೋಡೆಗಳು ಇಂದಿಗೂ ಉಳಿದಿವೆ. ಪ್ರಾಣಿಗಳನ್ನು ಆ ಗೋಡೆಯ ಗುಂಟ ಓಡಿಸಿ, ತುದಿಯಲ್ಲಿ ಅಡಗಿ ಕೂತವರು ಹೊಡೆಯುತ್ತಿದ್ದರು. ಯೂಟ್ ಮತ್ತು ಅರಾಪಹೋ ಜನ ಈ ನೆತ್ತಿಯ ಮೇಲೆ ಪರ್ವತ ದಾಟುತ್ತಿದ್ದರು. 1914ರಲ್ಲಿ, ಉದ್ಯಾನ ಘೋಷಣೆಯಾಗುವ ಒಂದು ವರ್ಷ ಮೊದಲು, ವಯೋಮಿಂಗ್ ರಾಜ್ಯದಲ್ಲಿ ನೆಲೆಸಿದ್ದ ಇಬ್ಬರು ಅರಾಪಹೋ ಹಿರಿಯರನ್ನು ಕರೆತಂದು ಇಲ್ಲಿಯ ಹೆಸರುಗಳನ್ನು ಕೇಳಿ ಬರೆದುಕೊಂಡರು. ಈ ದಾರಿಗೆ ಅವರ ಹೆಸರು ಮಕ್ಕಳ ದಾರಿ. ಏರು ಎಷ್ಟು ಕಡಿದೆಂದರೆ ಹೊತ್ತು ಸಾಗುತ್ತಿದ್ದ ಮಕ್ಕಳನ್ನು ಇಳಿಸಿ ನಡೆಸಬೇಕಾಗುತ್ತಿತ್ತು. ಮೊಮ್ಮಗಳ ಕೈ ಹಿಡಿದು ನಡೆಯುವಾಗ ನನಗೆ ಈ ಹೆಸರು ನೆನಪಾಗುತ್ತಿತ್ತು.

ಪ್ರಾಣಿಗಳ ವಿಷಯದಲ್ಲಿ ನಾನು ಒಂದನ್ನೇ ಹೇಳುತ್ತೇನೆ, ಪೀಕಾ. ಎಲ್ಕ್ ಹಿಂಡು ನಿಮಗೆ ತಾನಾಗಿ ಕಾಣುತ್ತದೆ, ನಮ್ಮ ಕಡವೆಗಿಂತಲೂ ದೊಡ್ಡ ಜಿಂಕೆ. ಪೀಕಾ ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಇಲಿಯಂತೆ ಕಂಡರೂ ಮೊಲದ ಬಳಗ. ಕಲ್ಲುರಾಶಿಯಿಂದ ಚೀ ಎಂದು ಕೂಗು ಕೇಳಿದರೆ ನಿಂತು ಹುಡುಕಿ. ಮಾರ್ಮಟ್ ಎಂಬ ಇನ್ನೊಂದು ಪ್ರಾಣಿ ಕೊಬ್ಬು ಬೆಳೆಸಿಕೊಂಡು ಸುಮಾರು ಎಂಟು ತಿಂಗಳು ನಿದ್ದೆ ಮಾಡುತ್ತದೆ. ಪೀಕಾ ಮಲಗುವುದಿಲ್ಲ. ಬೇಸಿಗೆಯೆಲ್ಲ ಬಾಯಿತುಂಬ ಹುಲ್ಲು, ಹೂ ಕಚ್ಚಿಕೊಂಡು ಓಡಿ ಓಡಿ ಕಲ್ಲಿನಡಿ ಬಣವೆ ಒಟ್ಟುತ್ತದೆ. ಅದರಲ್ಲೊಂದು ಜಾಣತನವಿದೆ. ಆಲ್ಪೈನ್ ಏವೆನ್ಸ್ ಎಂಬ ಗಿಡದ ಎಲೆಯಲ್ಲಿ ಕಹಿ ರಾಸಾಯನಿಕ ಹೆಚ್ಚು. ಹಸಿಯಾಗಿ ಪೀಕಾ ಅದನ್ನು ತಿನ್ನಲಾರದು. ಆದರೂ ಬಣವೆಗೆ ಅದನ್ನೇ ಧಾರಾಳವಾಗಿ ಸೇರಿಸುತ್ತದೆ. ಆ ಕಹಿ ಉಳಿದ ಮೇವು ಕೊಳೆಯದಂತೆ ಕಾಯುತ್ತದೆ. ತಿಂಗಳುಗಳು ಕಳೆದು ಕಹಿ ಇಳಿದ ಮೇಲೆ ಅದನ್ನೂ ತಿನ್ನುತ್ತದೆ. ನಮ್ಮ ಅಜ್ಜಿಯರು ಕಣಜದಲ್ಲಿ ಕಾಳಿನ ನಡುವೆ ಬೇವಿನ ಸೊಪ್ಪು ಇಡುತ್ತಿದ್ದರಲ್ಲ, ಅದೇ ಉಪಾಯ.

ಈ ಪುಟ್ಟ ಜೀವಕ್ಕೆ ಸೆಕೆ ಆಗದು. ಮರೆಗೆ ಹೋಗಲು ಬಿಡದೆ 26 ಡಿಗ್ರಿಯ ಆಸುಪಾಸಿನ ಬಿಸಿಲಿನಲ್ಲಿ ಇಟ್ಟರೆ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. 26 ಡಿಗ್ರಿ ಎಂದರೆ ನಮಗೆ ಮೈಸೂರಿನ ಹಿತವಾದ ಬೆಳಗು. ಕೆಳಗೆ ಬೆಚ್ಚಗಾದಂತೆ ಪೀಕಾ ಮೇಲೇರಬೇಕು. ಅದು ಆಗಲೇ ನೆತ್ತಿಯ ಹತ್ತಿರ ಇದೆ. ಇನ್ನು, ಚಕ್ಕುಲಿ ಕೋಡುಬಳೆ ಕೊಡಬೇಡಿ. ಕಾರು ನಿಲ್ಲಿಸಿದ ಕೂಡಲೇ ಅಳಿಲಿನಂಥ ಚಿಪ್‌ಮಂಕ್‌ಗಳು ಕೈಯೊಡ್ಡಿದ ಹಾಗೆ ಬಂದು ನಿಲ್ಲುತ್ತವೆ, ಮನಸ್ಸು ಕರಗುತ್ತದೆ, ನನಗೆ ಗೊತ್ತು. ಅವು ಕೂಡಿಡಬೇಕಾದ ಬೀಜ ಬಿಟ್ಟು ನಮ್ಮ ತಿಂಡಿಗೆ ಕಾದರೆ, ಅಕ್ಟೋಬರಿನಲ್ಲಿ ರಸ್ತೆ ಮುಚ್ಚಿದ ಮೇಲೆ ಅವಕ್ಕೆ ಗತಿ ಯಾರು? ಉದ್ಯಾನದಲ್ಲಿ ಅದು ದಂಡನೀಯ ಅಪರಾಧ ಕೂಡ.

ಈಗ ನಿಮ್ಮ ದೇಹದ ಮಾತು. ಮೊದಲ ಸಲ ಹೋದಾಗ ನನ್ನ ಹೆಂಡತಿಗೆ ಮೇಲೆ ತಲುಪಿದ ಅರ್ಧ ಗಂಟೆಯಲ್ಲಿ ತಲೆನೋವು, ವಾಂತಿ. ಘಾಟಿಯ ತಿರುವಿಗೆ ಹಾಗಾಯಿತು ಎಂದು ನಿಂಬೆಹಣ್ಣು ಮೂಸಿಸಿದೆವು. ತಿರುವಲ್ಲ, ಎತ್ತರ. ಬೆಂಗಳೂರಿನಿಂದ ಬಂದು ವಾರ ಕಳೆಯುವ ಮೊದಲೇ 3,700 ಮೀಟರಿಗೆ ಹತ್ತಿದ್ದೆವು. ಅಲ್ಲಿ ಒಂದು ಉಸಿರಿನಲ್ಲಿ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ ಆಮ್ಲಜನಕ ಸಿಗುತ್ತದೆ. ಚೀಲದಲ್ಲಿನ ಚಿಪ್ಸ್ ಪೊಟ್ಟಣ ಬಲೂನಿನಂತೆ ಉಬ್ಬಿದ್ದನ್ನು ಕಂಡಾಗ ಅಳಿಯನಿಗೆ ಹೊಳೆಯಿತು. ಕೆಳಗಿಳಿದ ಗಂಟೆಯೊಳಗೆ ಹೆಂಡತಿ ಸರಿಹೋದರು. ಮದ್ದು ಅದೇ: ಇಳಿಯುವುದು. ನೀವು ಡೆನ್ವರಿನಲ್ಲಿ ನಾಲ್ಕು ದಿನ ಇದ್ದು, ಸಾಧ್ಯವಾದರೆ ಎಸ್ಟೆಸ್ ಪಾರ್ಕಿನಲ್ಲಿ ಒಂದು ರಾತ್ರಿ ಕಳೆದು ಹತ್ತಿ. ನೀರು ಹೆಚ್ಚು ಕುಡಿಯಿರಿ. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇದ್ದವರು ಹೊರಡುವ ಮೊದಲೇ ಇಲ್ಲಿಯ ನಿಮ್ಮ ವೈದ್ಯರನ್ನು ಕೇಳಿ. ಮೇಲೆ ನಿಧಾನ ನಡೆಯಿರಿ. ಜುಲೈನಲ್ಲಿಯೂ ಹಿಮ ಬೀಳಬಹುದು. ಶಾಲು ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು, ಮಂಕಿ ಕ್ಯಾಪ್ ತೆಗೆದುಕೊಂಡು ಹೋಗಿ. ಚಪ್ಪಲಿ ಬೇಡ. ಶೌಚಾಲಯ ರಾಕ್ ಕಟ್‌ನಲ್ಲಿದೆ, ಸಂದರ್ಶಕರ ಕೇಂದ್ರದಲ್ಲಿದೆ. ಕಾರು ಓಡಿಸುವವರಿಗೆ ಹೇಳಿ, ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಇರದೆ ಕೆಳ ಗೇರಿನಲ್ಲಿ ಇಳಿಸಬೇಕು.

ಮಿಂಚಿನ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ ಗುಡುಗುವುದು ಅಲ್ಲಿ ಹೆಚ್ಚೂಕಡಿಮೆ ದಿನನಿತ್ಯದ ಕ್ರಮ. ಮರಗಳಿಲ್ಲದ ನೆತ್ತಿಯ ಮೇಲೆ ಅತಿ ಎತ್ತರದ ವಸ್ತು ಎಂದರೆ ನಿಂತಿರುವ ಮನುಷ್ಯ. 2014ರ ಜುಲೈ 11 ಮತ್ತು 12ರಂದು, ಎರಡು ದಿನ ಸಾಲಾಗಿ, ಈ ರಸ್ತೆಯ ಬಳಿ ಸಿಡಿಲಿಗೆ ಒಬ್ಬೊಬ್ಬರು ಸತ್ತರು. ಒಬ್ಬರು ಕಾಲುದಾರಿಯಲ್ಲಿದ್ದವರು, ಇನ್ನೊಬ್ಬರು ಕಾರು ನಿಲ್ಲಿಸುವ ನಿಲುಗಡೆಯಲ್ಲಿದ್ದವರು. ಬೆಳಿಗ್ಗೆ ಬೇಗ ಹತ್ತಿ, ಮಧ್ಯಾಹ್ನದೊಳಗೆ ನಡಿಗೆ ಮುಗಿಸಿ. ಗುಡುಗು ಕೇಳಿದರೆ ಫೋಟೊ ಬಿಟ್ಟು ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಒಂಟಿ ಬಂಡೆಯ ಮರೆ ಮರೆಯಲ್ಲ.

ಹಿಮಾಲಯಕ್ಕೆ ಚಾರಣ ಹೋದವರು ಇಲ್ಲಿ ಇದ್ದೀರಾ? ಇದ್ದೀರಿ. ಮರಗಳ ಎಲ್ಲೆಯ ಮೇಲೆ ಉತ್ತರಾಖಂಡದವರು ಬುಗ್ಯಾಲ್ ಎಂದು ಕರೆಯುವ ಹುಲ್ಲುಗಾವಲುಗಳನ್ನು ನೀವು ನೋಡಿರುತ್ತೀರಿ. ರಾಕಿ ಪರ್ವತದ ಟಂಡ್ರಾಕ್ಕಿಂತ ಅವು ಹೆಚ್ಚು ಹಸಿರು, ಮುಂಗಾರಿನ ನೀರು ಕುಡಿದವು. ಆದರೆ ತುಳಿತದ ಕತೆ ಅದೇ. ಬೆಂಗಳೂರಿನಿಂದ ಹೋದ ತಂಡಗಳ ಗುಡಾರಗಳೂ ಅಲ್ಲಿ ಸಾಲುಸಾಲಾಗಿ ನಿಂತಿದ್ದವು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಆ ಆದೇಶದಿಂದ ಚಾರಣದ ದುಡಿಮೆ ನಂಬಿದ ಸ್ಥಳೀಯರಿಗೆ ಪೆಟ್ಟು ಬಿತ್ತು, ಅದನ್ನು ಮರೆಯಬಾರದು. ಆದರೂ ವಿಲ್ಲರ್ಡ್ ಅವರ ಬೇಲಿಯನ್ನು ಕಂಡ ಮೇಲೆ ನನಗೆ ಆ ಆದೇಶ ಅತಿಯೆನಿಸುವುದಿಲ್ಲ.

ತುಳಿಯದಿದ್ದರೂ ನಾವು ಮುಟ್ಟುತ್ತೇವೆ ಎಂಬುದನ್ನೂ ಹೇಳಬೇಕು. ಕೆಳಗಿನ ನಗರಗಳ ವಾಹನ, ವಿದ್ಯುತ್ ಸ್ಥಾವರಗಳ ಹೊಗೆಯಿಂದಲೂ, ಹೊಲ ಮತ್ತು ದನದ ಕೊಟ್ಟಿಗೆಗಳಿಂದಲೂ ಏಳುವ ಸಾರಜನಕದ ಸಂಯುಕ್ತಗಳು ಗಾಳಿಯಲ್ಲಿ ಮೇಲೇರಿ ಮಳೆ, ಹಿಮದ ಜೊತೆ ಟಂಡ್ರಾದ ಮೇಲೆ ಬೀಳುತ್ತವೆ. ಯಾರೂ ಹಾಕದ ಗೊಬ್ಬರ ಅದು. ಬಡಮಣ್ಣಿಗೆ ಒಗ್ಗಿದ ಹೂಗಿಡಗಳ ನಡುವೆ ಗೊಬ್ಬರ ಉಂಡು ಕೊಬ್ಬುವ ಹುಲ್ಲು ಜಾತಿಗಳು ಮೇಲುಗೈ ಪಡೆಯುತ್ತವೆ. ಅದನ್ನು ತಗ್ಗಿಸಲು ಉದ್ಯಾನ, ರಾಜ್ಯ ಸರ್ಕಾರ 2007ರಲ್ಲಿ ಒಂದು ಯೋಜನೆ ಮಾಡಿಕೊಂಡಿವೆ. ನಮ್ಮ ಮಕ್ಕಳ ಕಾರೂ ಆ ಲೆಕ್ಕದಲ್ಲಿದೆ.

ಯಾವಾಗ ಹೋಗಬೇಕು ಎಂದು ನೀವು ಕೇಳಬಹುದು. ರಸ್ತೆ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೆ, ಮುಚ್ಚುವುದು ಅಕ್ಟೋಬರಿನಲ್ಲಿ. ಈಚಿನ ವರ್ಷಗಳಲ್ಲಿ ಬೇಸಿಗೆಯ ಪ್ರವೇಶಕ್ಕೆ ಸಮಯ ಗೊತ್ತು ಮಾಡಿ ಮುಂಗಡ ಕಾಯ್ದಿರಿಸಬೇಕಾಗಿದೆ; ಮಕ್ಕಳಿಗೆ ಈಗಲೇ ಹೇಳಿಡಿ. ಹೂವಿಗೆ ಜೂನ್ ಕೊನೆಯಿಂದ ಜುಲೈ ನಡುವಿನ ತನಕ ಒಳ್ಳೆಯ ಕಾಲ. ಆಗಸ್ಟ್‌ನಲ್ಲಿ ಏವೆನ್ಸ್ ಎಲೆ ಕೆಂಪಾಗಿ ಇಡೀ ಬೆಟ್ಟ ತುಕ್ಕು ಬಣ್ಣಕ್ಕೆ ತಿರುಗುತ್ತದೆ. ತಿಂಗಳ ಕೊನೆಗೆ ಹಸಿರು ಗೆರೆಯ ಬಿಳಿ ಬಟ್ಟಲಿನಂಥ ಆರ್ಕ್ಟಿಕ್ ಜೆನ್ಷಿಯನ್ ಅರಳಿದರೆ ಅಲ್ಲಿಯವರು ಬೇಸಿಗೆ ಮುಗಿಯಿತು ಎನ್ನುತ್ತಾರೆ.

ಒಂದು ಭೂತಗನ್ನಡಿ ತೆಗೆದುಕೊಂಡು ಹೋಗಿ. ಅಕ್ಷರ ಓದಲು ಮನೆಯಲ್ಲಿ ಇಟ್ಟಿರುತ್ತೀರಲ್ಲ, ಅದೇ ಸಾಕು. ರಾಕ್ ಕಟ್‌ನಿಂದ ಹೊರಡುವ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಡಾಂಬರು ಕಾಲುದಾರಿಯಲ್ಲಿ ಇಪ್ಪತ್ತು ಹೆಜ್ಜೆ ನಡೆದು, ದಾರಿಯ ಮೇಲೆಯೇ ಮಂಡಿಯೂರಿ, ಅಂಚಿನಾಚೆಗೆ ಬಾಗಿ. ಹಾಗೆ ಬಾಗಿದಾಗಲೇ ನನ್ನ ಹೆಂಡತಿಗೆ ಕಂಡದ್ದು ಆಲ್ಪೈನ್ ಫರ್ಗೆಟ್ ಮಿ ನಾಟ್, ಮೆಂತ್ಯದ ಕಾಳಿನಷ್ಟೇ ಅಗಲದ ಕಡುನೀಲಿ ಹೂ, ನಡುವೆ ಹಳದಿ ಬೊಟ್ಟು. ಮುಖ ನೆಲದ ಹತ್ತಿರ ತಂದ ಮೇಲೆ "ಬನ್ನಿ, ಇದಕ್ಕೆ ಪರಿಮಳ ಇದೆ" ಎಂದು ಕರೆದರು. ನಾನೂ ಮಂಡಿಯೂರಿದೆ. ಇತ್ತು.